ನಾಲ್ಕಿಲ್ಲದ ಎಣಿಕೆ

ಕಂಪನಿಗೆ ನಲವತ್ತು ವರ್ಷ ತುಂಬಿತೆಂದು ಹೊಳೆಯುವ ಕಾಗದದಲ್ಲಿ ಒಂದು ಪುಸ್ತಕ ಅಚ್ಚು ಮಾಡಿಸುತ್ತಿದ್ದೀರಿ, ಬಹಳ ಸಂತೋಷ. ಕರಡು ನನಗೂ ಬಂತು. ಮೊದಲ ಪುಟದಲ್ಲೇ ಬರೆದಿದ್ದೀರಿ: ‘1982ರಲ್ಲಿ ಮಲೇಷ್ಯಾದ ಇಪೋ ನಗರದ ಎರಡು ಎಂಜಿನಿಯರಿಂಗ್ ಸಲಹಾ ಸಂಸ್ಥೆಗಳು ಒಂದೇ ಕನಸು, ಒಂದೇ ದೃಷ್ಟಿಯಿಂದ ಒಂದಾದವು.’ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಒಂದೇ ದೃಷ್ಟಿಯಂತೆ! ಆ ಇಬ್ಬರು ಯಜಮಾನರಿಗೆ ಒಂದರಿಂದ ಐದರ ತನಕ ಎಣಿಸುವುದರಲ್ಲೇ ಒಮ್ಮತ ಇರಲಿಲ್ಲ. ನಾನು ಪಾಕಿಯಂ, ನಿಮ್ಮ ಕಂಪನಿಯಲ್ಲಿ ಮೂವತ್ತೊಂದು ವರ್ಷ ನಕ್ಷೆ ಬರೆದವಳು. ನಡೆದದ್ದನ್ನು ನಡೆದ ಹಾಗೆ ಬರೆದುಕೊಡುತ್ತೇನೆ. ಹಾಕುವುದು ಬಿಡುವುದು ನಿಮಗೆ ಸೇರಿದ್ದು.

ಹಳೆ ಪೇಟೆಯಲ್ಲಿ, ಔಷಧದ ಅಂಗಡಿಯ ಮಹಡಿಯ ಮೇಲೆ ಅರುಳಂಪಲಂ ಸಾರ್ ಅವರ ಆಫೀಸು. ನಾನು ಅಲ್ಲಿಯವಳು. ಸಾರ್ ಜಾಫ್ನಾ ಕಡೆಯ ತಮಿಳರು. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಕೆಂಪು ಶಾಯಿಯ ಪೆನ್ನು. ಕಟ್ಟಡ ಅಂದರೆ ಅವರೇ. ತೊಲೆ, ಕಂಬ, ಚಾವಣಿ ಯಾವುದನ್ನು ಕೇಳಿದರೂ ನಿಂತ ನಿಲುವಿನಲ್ಲಿ ಲೆಕ್ಕ ಹೇಳುತ್ತಿದ್ದರು. ಆದರೆ ನೆಲದ ಕೆಳಗೆ ಏನಿದೆ ಎಂದರೆ ಮಾತ್ರ ಮುಖ ಸಿಂಡರಿಸುತ್ತಿದ್ದರು.

ಕಿಂತಾ ನದಿಯ ಆಚೆ, ಹೊಸ ಪೇಟೆಯಲ್ಲಿ, ಫೂಂಗ್ ಅವರ ಆಫೀಸು. ತವರದ ಗಣಿಯಲ್ಲಿ ಹುಟ್ಟಿ ಬೆಳೆದ ಚೀನೀ ಮನುಷ್ಯ. ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದರು, ಸಾಲದಿದ್ದರೆ ನಾಲಿಗೆಗೂ ಮುಟ್ಟಿಸುತ್ತಿದ್ದರು. ನೆಲವನ್ನು ಕೊರೆದು, ಎಷ್ಟು ಆಳಕ್ಕೆ ಬಂಡೆ, ಎಲ್ಲಿ ಪೊಳ್ಳು ಎಂದು ಹೇಳುವುದು ಅವರ ಕಸುಬು. ನಮ್ಮೂರಿನ ಬಂಡೆ ಸುಣ್ಣಕಲ್ಲು, ಒಳಗೆ ಹುಳು ತಿಂದ ಹಲ್ಲಿನ ಹಾಗೆ. ಮೇಲಿಂದ ಗಟ್ಟಿ ಕಾಣುತ್ತದೆ, ಎರಡಾಳು ಕೆಳಗೆ ಗುಹೆ.

ಸರಿ, ಬಾಲಕಿಯರ ಶಾಲೆಯೊಂದು ಹಳೆಯ ಗಣಿಯ ಪಕ್ಕದ ಜಾಗದಲ್ಲಿ ಮೂರಂತಸ್ತಿನ ವಸತಿಗೃಹ ಕಟ್ಟಿಸಲು ಹೊರಟಿತು. ನೆಲ ಬಲ್ಲವರಿಗೆ ಕಟ್ಟಡ ಗೊತ್ತಿಲ್ಲ, ಕಟ್ಟಡ ಬಲ್ಲವರಿಗೆ ನೆಲ ಗೊತ್ತಿಲ್ಲ. ಶಾಲೆಯವರು ಖಡಾಖಂಡಿತವಾಗಿ ಹೇಳಿಬಿಟ್ಟರು, ಇಬ್ಬರೂ ಒಂದೇ ಹೆಸರಲ್ಲಿ ಬಂದರೆ ಕೆಲಸ, ಇಲ್ಲದಿದ್ದರೆ ಕೌಲಾಲಂಪುರದವರನ್ನು ಕರೆಸುತ್ತೇವೆ. ಕೌಲಾಲಂಪುರ ಎಂದ ಕೂಡಲೇ ಇಬ್ಬರಿಗೂ ರೋಷ ಬಂತು. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಜೋಡಿ ಒಂದೇ ನೊಗಕ್ಕೆ ಕತ್ತು ಕೊಟ್ಟಿತು. ಈ ಒಂದು ಕೆಲಸ ಕೂಡಿ ಮಾಡುವುದು, ಅಡಿಪಾಯ ಮುಗಿದ ಮೇಲೆ ಮನಸ್ಸಿದ್ದರೆ ವಿಲೀನದ ಪತ್ರಕ್ಕೆ ಸಹಿ ಹಾಕುವುದು ಎಂದು ಮಾತಾಯಿತು.

ಅದರ ಜೊತೆಗೆ ಇನ್ನೊಂದು ಮಾತೂ ಆಯಿತು. ಒಂದೇ ಕಂಪನಿ ಎಂದಮೇಲೆ ಮುಖ್ಯ ನಕ್ಷೆಗಾರರೂ ಒಬ್ಬರೇ. ಸಹಿಯ ದಿನ ಆ ಹೆಸರು ಹೇಳುತ್ತಾರೆ. ನಮ್ಮ ಕಡೆಯಿಂದ ನಾನು, ಅವರ ಕಡೆಯಿಂದ ಯೋಕ್ ಮೂಯಿ. ನನಗಿಂತ ಆರು ವರ್ಷ ಚಿಕ್ಕವಳು, ಗಾಳಿಯ ಹಾಗೆ ಗೆರೆ ಎಳೆಯುತ್ತಿದ್ದಳು, ಬಾಯಿಯೂ ಅಷ್ಟೇ ಜೋರು.

“ಪಾಕಿಯಂ ಅಕ್ಕಾ, ನಿಮ್ಮ ಅಕ್ಷರ ನೋಡಿದ್ರೆ ಮದುವೆ ಕಾಗದ ಅನ್ಸುತ್ತೆ. ಒಂದು ನಕ್ಷೆ ಮುಗಿಯೋ ಹೊತ್ತಿಗೆ ಹುಡುಗೀರು ಓದಿ ಪಾಸಾಗಿ ಹೋಗಿರ್ತಾರೆ,” ಎಂದಿದ್ದಳು ಮೊದಲ ದಿನವೇ.

“ನಿನ್ನ ಅಕ್ಷರ ನೋಡಿದ್ರೆ ಕೋಳಿ ಕೆದರಿದ್ದು ಅನ್ಸುತ್ತೆ ಕಣಮ್ಮಾ,” ಎಂದೆ ನಾನು.

ಆ ಕುರ್ಚಿ ನನಗೆ ಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿಯುವಷ್ಟು ಬೇಕಿತ್ತು. ರಬ್ಬರ್ ತೋಟದ ಕೂಲಿಗಳ ಲೈನ್ ಮನೆಯಲ್ಲಿ ಹುಟ್ಟಿದವಳು ನಾನು. ಹನ್ನೊಂದು ವರ್ಷ ಬೆನ್ನು ಬಾಗಿಸಿ ಬರೆದಿದ್ದೆ. ನಿನ್ನೆ ಮೊನ್ನೆ ಬಂದವಳ ಕೈಕೆಳಗೆ ಕೂರುವುದೆಂದರೆ ಅದಕ್ಕಿಂತ ಮನೆಯಲ್ಲಿರುವುದೇ ವಾಸಿ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದೆ.

ಕಟ್ಟಡಕ್ಕೆ ಇಪ್ಪತ್ತೆಂಟು ಕಂಬ, ಸಾಲಿಗೆ ಏಳರಂತೆ ನಾಲ್ಕು ಸಾಲು. ಪ್ರತಿ ಕಂಬದ ಜಾಗದಲ್ಲೂ ಫೂಂಗ್ ಅವರ ಜನ ಒಂದೊಂದು ತೂತು ಕೊರೆಯಬೇಕು. ನಾವು ಕಳಿಸಿದ ನಕ್ಷೆಯಲ್ಲಿ ಬರೀ ಚುಕ್ಕೆಗಳಿದ್ದವು. ಗೇಟಿನ ಕಡೆಯಿಂದ ಶುರು, ಎಡದಿಂದ ಬಲಕ್ಕೆ, ಸಾಲು ಮುಗಿದ ಮೇಲೆ ಮುಂದಿನ ಸಾಲು ಎಂದು ಫೋನಿನಲ್ಲಿ ಹೇಳಿಕೊಂಡೆವು. ಇದರಲ್ಲಿ ತಪ್ಪಲು ಏನಿದೆ ಹೇಳಿ?

ಪೂರ್ತಿ ವರದಿ ಟೈಪಾಗಲು ತಡವೆಂದು ಅವರ ಕಡೆಯಿಂದ ಮೊದಲು ಎರಡು ಸಾಲಿನ ಕಾಗದ ಬಂತು. ‘ಉಳಿದೆಲ್ಲ ಕಡೆ ಗಟ್ಟಿ ಬಂಡೆ. ಹದಿನೈದು ಮತ್ತು ಹದಿನಾರನೇ ತೂತಿನಲ್ಲಿ ಮಾತ್ರ ಕೆಳಗೆ ದೊಡ್ಡ ಪೊಳ್ಳು.’ ನಾನು ನಕ್ಷೆಯಲ್ಲಿ ಚುಕ್ಕೆಗಳನ್ನು ಎಣಿಸಿ ಸಂಖ್ಯೆ ಹಾಕಿದೆ. ಹದಿನೈದು, ಹದಿನಾರು ಅಂದರೆ ಮೂರನೇ ಸಾಲಿನ ಮೊದಲೆರಡು. ಅವಕ್ಕೆ ಕೆಂಪು ಸುತ್ತು ಹಾಕಿ, ಮೂಲೆಯಲ್ಲಿ ‘ಬರೆದವರು: ಪಾಕಿಯಂ’ ಎಂದು ನನ್ನ ಮದುವೆ ಕಾಗದದ ಅಕ್ಷರದಲ್ಲಿ ಬರೆದೆ. ಆ ಎರಡು ಕಂಬಕ್ಕೆ ಪೊಳ್ಳು ದಾಟಿ ಆಳಕ್ಕೆ ಇಳಿಯುವ ಬೇರೆ ಅಡಿಪಾಯ, ಉಳಿದ ಇಪ್ಪತ್ತಾರಕ್ಕೆ ಬಂಡೆಯ ಮೇಲೆ ನೇರ ಕಾಂಕ್ರೀಟು.

ಮೊದಲ ಕಾಂಕ್ರೀಟ್ ಬೀಳುವ ದಿನ ಬಂತು. ಗುರುವಾರ, ಬೆಳಿಗ್ಗೆ ಹತ್ತಕ್ಕೆ ಮುಹೂರ್ತ. ಎರಡನೇ ಸಾಲಿಗೆ, ಅಂದರೆ ಎಂಟರಿಂದ ಹದಿನಾಲ್ಕನೇ ಗುಂಡಿಗೆ. ನಾನು ಎಂಟೂವರೆಗೆ ಎಂದಿನ ಕಾಫಿ ಅಂಗಡಿಯಲ್ಲಿ ಎಂದಿನ ಮೇಜಿಗೆ ಕೂತೆ. ಅಂಗಡಿಯ ಯಜಮಾನಿ ಒಳಗಿನಿಂದ ಕೂಗಿದಳು, “ಐದನೇ ಮೇಜಿಗೆ ಕಾಫಿ, ಎರಡು ಮೊಟ್ಟೆ!”

ಅವತ್ತು ಬಡಿಸಲು ಹೊಸ ಹೆಂಗಸು. ಗೋಡೆಯಿಂದ ಬೆರಳು ಮಡಿಸಿ ಮಡಿಸಿ ಎಣಿಸಿದಳು, ನನ್ನನ್ನು ದಾಟಿ ಹೋಗಿ ಪಕ್ಕದ ಮೇಜಿನ ಮುದುಕನ ಮುಂದೆ ನನ್ನ ಕಾಫಿ ಇಟ್ಟಳು. ಯಜಮಾನಿ ಸೌಟು ಹಿಡಿದೇ ಓಡಿ ಬಂದಳು.

“ಅಲ್ಲಲ್ಲ ಕಣೇ! ಐದು ಅಂದ್ರೆ ಇದು!”

“ಅಮ್ಮಾ, ಎಣಿಸಿದ್ನಲ್ಲಾ. ಒಂದು, ಎರಡು, ಮೂರು, ನಾಲ್ಕು…”

“ಥೂ, ಬೆಳಿಗ್ಗೆ ಬೆಳಿಗ್ಗೆ ಅದನ್ನ ಯಾಕೆ ಬಾಯಲ್ಲಿ ಎತ್ತುತೀಯ! ಅದು ಸಾವಿನ ನಂಬರು. ನಮ್ಮಂಗಡಿಯಲ್ಲಿ ಅದು ಇಲ್ಲವೇ ಇಲ್ಲ. ಮೂರಾದ ಮೇಲೆ ಐದು!”

ಯಜಮಾನಿ ಕಾಫಿ, ಮೊಟ್ಟೆ ಎತ್ತಿ ತಂದು ನನ್ನ ಮುಂದೆ ಇಟ್ಟಳು, ಆದರೆ ಮೊಟ್ಟೆ ಒಡೆಯಲು ಎತ್ತಿದ ನನ್ನ ಕೈ ಅಲ್ಲೇ ನಿಂತಿತು. ನಾನು ಈ ಊರಲ್ಲೇ ಬೆಳೆದವಳು, ಚೀನೀಯರ ಬಾಯಲ್ಲಿ ನಾಲ್ಕು ಅಂದರೂ ಸಾವು ಅಂದರೂ ಹೆಚ್ಚುಕಡಿಮೆ ಒಂದೇ ಸದ್ದು ಎಂದು ಬಲ್ಲವಳು. ನಾಲ್ಕಿಲ್ಲದ ಮನೆಗಳ ಬೀದಿಯಲ್ಲಿ ಓಡಾಡಿದವಳು, ಹದಿನಾಲ್ಕಿಲ್ಲದ ಆಸ್ಪತ್ರೆ ವಾರ್ಡಿನಲ್ಲಿ ಮಲಗಿ ಎದ್ದವಳು. ಆದರೆ ಎಂಜಿನಿಯರುಗಳು ಕೊರೆಯುವ ತೂತಿನಲ್ಲೂ ನಾಲ್ಕು ಇರಲಿಕ್ಕಿಲ್ಲ ಎಂದು ಯಾವತ್ತೂ ಹೊಳೆದಿರಲಿಲ್ಲ. ಮೇಜಿನ ಮೇಲೆ ಬೆರಳಿನಿಂದ ಎಣಿಸಿದೆ. ನಾಲ್ಕು ಬಿಟ್ಟರೆ, ಹದಿನಾಲ್ಕೂ ಬಿಟ್ಟರೆ, ಅವರ ಹದಿನೈದು ನನ್ನ ಹದಿಮೂರು. ಅವರ ಹದಿನಾರು ನನ್ನ ಹದಿನಾಲ್ಕು. ಎರಡೂ ಎರಡನೇ ಸಾಲಿನ ಕೊನೆಯವು. ಎರಡಕ್ಕೂ ಇವತ್ತೇ ಹತ್ತು ಗಂಟೆಗೆ ಕಾಂಕ್ರೀಟು!

ಕಾಫಿ ಅಲ್ಲೇ ಬಿಟ್ಟು ಓಡಿದೆ. ಸೀರೆಯ ನೆರಿಗೆ ಎತ್ತಿ ಹಿಡಿದು, ಇಡೀ ಹಳೆ ಪೇಟೆ ನೋಡುವ ಹಾಗೆ ಓಡಿದೆ. ಕಿಂತಾ ಸೇತುವೆಯ ಮೇಲೆ ಮಾತ್ರ ಕಾಲು ನಿಂತುಬಿಟ್ಟಿತು. ನಕ್ಷೆಯ ಮೂಲೆಯಲ್ಲಿರುವುದು ನನ್ನ ಹೆಸರು. ಇದನ್ನು ಬಾಯಿಬಿಟ್ಟರೆ ಕುರ್ಚಿ ಹೋಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ತೆಳ್ಳನೆ ಬಂಡೆ ಐದು ವರ್ಷವೋ ಹತ್ತು ವರ್ಷವೋ ತಡೆದೀತು. ಅರ್ಧ ನಿಮಿಷ ಹಾಗೆ ನಿಂತಿದ್ದೆ. ಆ ಅರ್ಧ ನಿಮಿಷದ ನಾಚಿಕೆ ನನಗೆ ಇವತ್ತಿಗೂ ಇದೆ. ಆಮೇಲೆ ಆ ಕಟ್ಟಡದಲ್ಲಿ ಮಲಗುವ ನೂರಿಪ್ಪತ್ತು ಹುಡುಗಿಯರು ಕಣ್ಣ ಮುಂದೆ ಬಂದರು. ಹಾಳಾಗಿ ಹೋಗಲಿ ಕುರ್ಚಿ ಎಂದು ಮತ್ತೆ ಓಡಿದೆ.

ಫೂಂಗ್ ಅವರ ಆಫೀಸಿನ ಬಾಗಿಲಲ್ಲಿ ಯೋಕ್ ಮೂಯಿ ಹಬ್ಬದ ಕೆಂಪು ಅಂಗಿ ತೊಟ್ಟು ಮುಹೂರ್ತಕ್ಕೆ ಹೊರಟಿದ್ದಳು.

“ಏನಕ್ಕಾ, ನಾಯಿ ಅಟ್ಟಿಸಿಕೊಂಡು ಬಂತಾ?”

“ನಿಮ್ಮ ತೂತುಗಳಲ್ಲಿ ನಾಲ್ಕನೇದು ಇದ್ಯೇನೇ? ಬೇಗ ಹೇಳು!”

“ಯಾಕೆ ಇರುತ್ತೆ? ಕೊರೆಯೋರು ಮುಟ್ಟಬೇಕಲ್ಲಾ ಅದನ್ನ. ಮೂರು ಆದ್ಮೇಲೆ ಐದು, ಹದಿಮೂರು ಆದ್ಮೇಲೆ…” ಅವಳ ಮುಖ ಬಿಳಿಚಿಕೊಂಡಿತು. “ಅಕ್ಕಾ, ನೀವು ಎಣಿಸಿದ್ದು ಹ್ಯಾಗೆ?”

“ಮನುಷ್ಯರು ಎಣಿಸೋ ಹಾಗೆ!”

“ಅಯ್ಯೋ, ಆ ಕಾಗದ ಬರ್ದಿದ್ದು ನಾನೇ! ನಾಲ್ಕು ಬಿಟ್ಟಿದೀವಿ ಅಂತ ಒಂದು ಮಾತು ಹಾಕ್ಲಿಲ್ಲ. ಎಲ್ರಿಗೂ ಗೊತ್ತಿರುತ್ತೆ ಅಂದ್ಕೊಂಡೆ.” ಕೊರೆತದ ಪುಸ್ತಕ ಕಂಕುಳಲ್ಲಿ ಸಿಕ್ಕಿಸಿಕೊಂಡು ಅವಳು ತನ್ನ ಪುಟ್ಟ ಹೊಂಡಾ ಬೈಕಿನ ಕಿಕ್ ಒದ್ದಳು. “ಹತ್ತಿ ಅಕ್ಕಾ, ಗಟ್ಟಿಯಾಗಿ ಹಿಡ್ಕೊಳ್ಳಿ. ಬಿದ್ರೆ ನಾನು ನಿಲ್ಲಿಸಲ್ಲ.”

ಅಂಥ ಸವಾರಿ ನಾನು ಜನ್ಮದಲ್ಲಿ ಮಾಡಿರಲಿಲ್ಲ. ಸಂತೆಯ ಮೀನಿನ ಬುಟ್ಟಿಗಳ ನಡುವೆ ನುಗ್ಗಿದಳು, ಬಸ್ಸಿನ ಎಡಕ್ಕೆ ನುಸುಳಿದಳು, ಬೈದವರಿಗೆ ತಿರುಗಿ ಬೈದಳು. ಭಯಕ್ಕೆ ಕಣ್ಣು ಮುಚ್ಚಿದ್ದೆ. ಆದರೂ ಹೇಳುತ್ತೇನೆ, ಒಳಗೊಳಗೇ ಏನೋ ಹಿಗ್ಗು.

ಸೈಟಿನಲ್ಲಿ ಮದುವೆ ಮನೆಯ ಸಂಭ್ರಮ. ಒಂದು ಕಡೆ ಕೆಂಪು ಕಾಗದದ ಮೇಲೆ ಇಡಿಯಾಗಿ ಹುರಿದ ಹಂದಿ, ಊದುಬತ್ತಿ. ಇನ್ನೊಂದು ಕಡೆ ಬಾಳೆಲೆ, ತೆಂಗಿನಕಾಯಿ, ಕರ್ಪೂರ. ಹಂದಿಯ ವಾಸನೆ ತಟ್ಟದಂತೆ ಅರುಳಂಪಲಂ ಸಾರ್ ಮೂಗಿಗೆ ಕರವಸ್ತ್ರ ಹಿಡಿದಿದ್ದರು. ಕಾಂಕ್ರೀಟ್ ಲಾರಿ ಹೊಟ್ಟೆ ತಿರುಗಿಸುತ್ತ ಹದಿನಾಲ್ಕನೇ ಗುಂಡಿಯ ಅಂಚಿಗೆ ಹಿಂದೆ ಹಿಂದೆ ಬರುತ್ತಿತ್ತು. ಯೋಕ್ ಮೂಯಿ ಗಾಡಿಯನ್ನು ಲಾರಿಗೂ ಗುಂಡಿಗೂ ನಡುವೆ ಅಡ್ಡ ಹಾಕಿ ಕೀಲಿ ಕಿತ್ತುಕೊಂಡಳು.

“ಹುಯ್ಯಬೇಡಿ! ಕೆಳಗೆ ಪೊಳ್ಳಿದೆ!” ಎಂದು ನಾನು ಕೂಗಿದೆ. ನನ್ನ ಗಂಟಲಲ್ಲಿ ಅಂಥ ಸದ್ದು ಇದೆಯೆಂದು ನನಗೇ ಗೊತ್ತಿರಲಿಲ್ಲ.

ಇಬ್ಬರು ಯಜಮಾನರೂ ಓಡಿ ಬಂದರು. ಏದುಸಿರು ಬಿಡುತ್ತ ಎಲ್ಲ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅವರಿಬ್ಬರ ಜಗಳ ಹೊತ್ತಿಕೊಂಡಿತು.

“ನಾಲ್ಕು ಇಲ್ವಾ?” ಅರುಳಂಪಲಂ ಸಾರ್ ಕೆಂಪಾದರು. “ಮಿಸ್ಟರ್ ಫೂಂಗ್, ನೀವು ಎಂಜಿನಿಯರೋ, ಕಣಿ ಹೇಳೋರೋ? ಸಂಖ್ಯೆ ಏನು ಕಚ್ಚುತ್ತಾ?”

“ನಂಗೇನ್ ಭಯ ಇಲ್ಲ ರೀ! ನನ್ನ ಜನಕ್ಕೆ ಇದೆ. ಹೆದರಿದ ಕೈಯಲ್ಲಿ ಕೊರೆದ ತೂತು ಸುಳ್ಳು ಹೇಳುತ್ತೆ. ಬೇಗ ಮುಗಿಸಿ ಎದ್ದು ಹೋಗ್ತಾರೆ. ಅದಕ್ಕೇ ಬಿಡೋದು. ನೀವು ಒಂದು ಫೋನ್ ಮಾಡಿ ಕೇಳಬಹುದಿತ್ತಲ್ಲ? ಕೇಳಿದ್ರೆ ಕಿರೀಟ ಬಿದ್ದು ಹೋಗ್ತಿತ್ತಾ?”

“ನನ್ನ ಎಣಿಕೆ ಸರಿ ಇದೆ. ಈ ಗುಂಡಿ ಗಟ್ಟಿ ಇದೆ ಅಂತ ನಿಮ್ಮ ಕಾಗದವೇ ಹೇಳುತ್ತೆ!”

“ಸಾರ್,” ಲಾರಿಯವನು ಕಿಟಕಿಯಿಂದ ಅರಚಿದ, “ನಿಮ್ಮ ಜಗಳ ಮುಗಿಯೋ ಹೊತ್ತಿಗೆ ನನ್ನ ಲಾರಿಯೊಳಗೇ ಒಂದು ಕಂಬ ಎದ್ದಿರುತ್ತೆ!”

ಪೂಜೆಗೆಂದು ಬಂದಿದ್ದ ಕಿಯೊಂಗ್ ಅಂಕಲ್, ಫೂಂಗ್ ಅವರ ಕೊರೆಯುವವರ ಮೇಸ್ತ್ರಿ, ಯಾರ ಅಪ್ಪಣೆಗೂ ಕಾಯಲಿಲ್ಲ. ಅಂಗಿ ಬಿಚ್ಚಿಟ್ಟು, ಬಂಡೆ ಕೊರೆಯುವ ಗಾಳಿಯಂತ್ರ ಎತ್ತಿಕೊಂಡು ಹದಿಮೂರನೇ ಗುಂಡಿಗೆ ಇಳಿದರು. ಎರಡಾಳುದ್ದದ ಉಕ್ಕಿನ ಸರಳು ಬಂಡೆಗೆ ಕಚ್ಚಿತು. ಕಿವಿ ಒಡೆಯುವ ಸದ್ದು, ಬಿಳಿ ಧೂಳು. ಒಂದು ಗೇಣು. ಒಂದು ಮೊಳ. ಬಂಡೆ ಗಟ್ಟಿಯಾಗಿಯೇ ಇತ್ತು. ಅರುಳಂಪಲಂ ಸಾರ್ ನನ್ನ ಕಡೆ ತಿರುಗಿ ಹುಬ್ಬೇರಿಸಿದರು. ಯೋಕ್ ಮೂಯಿ ನನ್ನ ಮುಂಗೈ ಉಗುರು ಇಳಿಯುವ ಹಾಗೆ ಹಿಡಿದುಕೊಂಡಿದ್ದಳು.

ಎರಡು ಮೊಳ ದಾಟಿತೋ ಇಲ್ಲವೋ, ಯಂತ್ರ ದಡಕ್ಕನೆ ಕೆಳಗೆ ಕುಸಿಯಿತು. ಅಂಕಲ್ ಅದನ್ನು ಹಿಂದಕ್ಕೆ ಎಳೆದರೆ ಸರಳು ಕಳಚಿಕೊಂಡು ತೂತಿನಲ್ಲಿ ಮಾಯವಾಯಿತು. ಯಂತ್ರ ನಿಲ್ಲಿಸಿದರು. ಎಲ್ಲೋ ಆಳದಲ್ಲಿ ಠಣ್ ಎಂದಿತು, ಆಮೇಲೆ ಬುಳುಕ್ ಎಂದು ನೀರಿನ ಸದ್ದು.

“ಸಿಕ್ತು!” ಯೋಕ್ ಮೂಯಿ ಕುಣಿದೇ ಬಿಟ್ಟಳು. ನಾನೂ ಕುಣಿದೆ. ಗುಹೆ ಸಿಕ್ಕಿದ್ದಕ್ಕೆ ಇಬ್ಬರು ಹೆಂಗಸರು ತಬ್ಬಿಕೊಂಡು ಕುಣಿದದ್ದು ಇಪೋದ ಚರಿತ್ರೆಯಲ್ಲಿ ಅದೇ ಮೊದಲಿರಬೇಕು.

ಅರುಳಂಪಲಂ ಸಾರ್ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಆ ಸಣ್ಣ ತೂತನ್ನೇ ನೋಡುತ್ತಿದ್ದರು. ಫೂಂಗ್ ಹೋಗಿ ಪಕ್ಕದಲ್ಲಿ ಕೂತರು. ಲಾರಿಯವನು ಮತ್ತೆ ಹಾರನ್ ಬಾರಿಸಿದ.

“ಎಲ್ಲಿ ಹುಯ್ಯೋದು ಇದನ್ನ?” ಸಾರ್ ಕೇಳಿದರು, ಸಣ್ಣ ದನಿಯಲ್ಲಿ.

“ಮೊದಲ ಸಾಲಿನ ಒಂದು, ಎರಡು, ಮೂರಕ್ಕೆ,” ಎಂದರು ಫೂಂಗ್. “ಮೂರರ ತನಕ ನಮ್ಮಿಬ್ಬರ ಲೆಕ್ಕ ಒಂದೇ.”

ಸಾರ್ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಕಾಯಿ ಒಡೆದರು, ಹಂದಿ ಕೊಯ್ದರು, ಮೂರು ಗುಂಡಿ ತುಂಬಿತು. ಆಮೇಲೆ ಸಾರ್ ನಕ್ಷೆ ಬಿಡಿಸಿ ಕೆಂಪು ಪೆನ್ನು ತೆಗೆದು ಕೇಳಿದರು, “ಸರಿ. ಇದು ಯಾರ ತಪ್ಪು?”

“ನನ್ನದು ಸಾರ್,” ಎಂದೆ.

“ನಂದು,” ಎಂದಳು ಯೋಕ್ ಮೂಯಿ, ಅದೇ ಉಸಿರಲ್ಲಿ.

ಸಾರ್ ಒಬ್ಬಳನ್ನು ನೋಡಿದರು, ಇನ್ನೊಬ್ಬಳನ್ನು ನೋಡಿದರು, ಪೆನ್ನಿನ ಮುಚ್ಚಳ ಹಾಕಿದರು. ಇನ್ನು ಮುಂದೆ ಇವಳ ನಕ್ಷೆ ಅವಳು, ಅವಳ ಕಾಗದ ಇವಳು ಓದಿ ಸಹಿ ಹಾಕದೆ ಏನೂ ಹೊರಗೆ ಹೋಗಕೂಡದು ಎಂದು ಮಾತ್ರ ಅಪ್ಪಣೆಯಾಯಿತು. ಕುರ್ಚಿಯ ಮಾತು ಯಾರೂ ಎತ್ತಲಿಲ್ಲ. ನನ್ನ ಪಾಲಿಗೆ ಅದು ಮುಗಿದ ಕತೆ ಎಂದುಕೊಂಡೆ. ಅವತ್ತು ಮನೆಗೆ ಹೋಗಿ ಅತ್ತುಬಿಟ್ಟೆ, ಮುಚ್ಚಿಡುವುದೇನು.

ಎರಡು ತಿಂಗಳಲ್ಲಿ ಅಡಿಪಾಯ ಮುಗಿಯಿತು. ಉಳಿದದ್ದು ಹಿತ್ತಲಿನ ನೀರಿನ ತೊಟ್ಟಿ, ಆರು ಕಂಬದ್ದು. ಸಹಿಗೆ ವಾರ ಇರುವಾಗ ಅರುಳಂಪಲಂ ಸಾರ್ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು.

“ಪಾಕಿಯಂ, ತೊಟ್ಟಿ ನಕ್ಷೆಯಲ್ಲಿ ನಾಲ್ಕು ಬೇಡಮ್ಮ. ಒಂದು, ಎರಡು, ಮೂರು, ಐದು, ಆರು, ಏಳು ಅಂತ ಹಾಕು. ಪಾಪ, ಅವರ ಜನಕ್ಕೆ ಹೆದರಿಕೆ ಅಂತೆ. ಹೆದರಿದ ಕೈಯಲ್ಲಿ ಕೊರೆದದ್ದು ನಮಗ್ಯಾಕೆ? ಮಿಸ್ಟರ್ ಫೂಂಗ್‌ಗೆ ಈಗಲೇ ಹೇಳಬೇಡ, ನೋಡಿ ಖುಷಿಪಡಲಿ.”

ಹೇಳಿದ ಹಾಗೆ ಹಾಕಿದೆ. ಸಹಿಯ ದಿನ ಹೊಸ ಆಫೀಸಿನಲ್ಲಿ ಎಲ್ಲರೂ ಸೇರಿದೆವು. ಕಿಟಕಿಯ ಪಕ್ಕ ದೊಡ್ಡ ಮೇಜು, ಅದಕ್ಕೆ ಒಂದೇ ಒಂದು ಕುರ್ಚಿ. ಅದರ ಕಡೆ ನೋಡಬಾರದೆಂದುಕೊಂಡೇ ನೋಡುತ್ತಿದ್ದೆ. ಯಜಮಾನರು ಒಳಗೆ ಪತ್ರ ಓದುತ್ತಿದ್ದರು. ಯೋಕ್ ಮೂಯಿ ತೊಟ್ಟಿಯ ಕೊರೆತದ ಹಾಳೆ ನನಗೆ ಕೊಟ್ಟಳು, ನಾನು ನನ್ನ ನಕ್ಷೆ ಅವಳಿಗೆ ಕೊಟ್ಟೆ. ಇಬ್ಬರೂ ಓದಿದೆವು. ಇಬ್ಬರೂ ಒಟ್ಟಿಗೆ ತಲೆ ಎತ್ತಿದೆವು.

“ಅಕ್ಕಾ, ನಿಮ್ಮ ನಕ್ಷೆಯಲ್ಲಿ ನಾಲ್ಕು ಎಲ್ಲಿ?”

“ನಿನ್ನ ಹಾಳೆಯಲ್ಲಿ ನಾಲ್ಕು ಎಲ್ಲಿಂದ ಬಂತೇ?”

“ನಮ್ ಸಾರ್ ಹೇಳಿದ್ರು, ಅರುಳ್ ಸಾರ್‌ಗೋಸ್ಕರ ನೆಟ್ಟಗೆ ಎಣಿಸಿ ಅಂತ. ಕೊರೆಯೋರು ಒಲ್ಲೆ ಅಂದ್ರು. ಅದಕ್ಕೆ ಸಾರೇ ಆ ನಾಲ್ಕನೇ ತೂತಿನ ಪಕ್ಕ ಸ್ಟೂಲ್ ಹಾಕ್ಕೊಂಡು ಬೆಳಿಗ್ಗೆಯಿಂದ ಸಂಜೆ ತನಕ ಕೂತಿದ್ರು, ಏನಾದ್ರೂ ಆಗೋದಿದ್ರೆ ನಂಗೇ ಆಗ್ಲಿ ಅಂತ. ಗುಟ್ಟಾಗಿರ್ಲಿ ಅಂದಿದ್ರು.”

ನನಗೆ ನಗು ಉಕ್ಕಿತು, ಕಣ್ಣಲ್ಲಿ ನೀರೂ ಬಂತು. ಇವರು ಅವರಿಗಾಗಿ ನಾಲ್ಕು ಬಿಟ್ಟಿದ್ದಾರೆ, ಅವರು ಇವರಿಗಾಗಿ ನಾಲ್ಕು ಹಿಡಿದಿದ್ದಾರೆ, ಐದನೇ ಕಂಬ ಮತ್ತೆ ತಪ್ಪಿ ಕೂತಿದೆ! ಎರಡೂ ಹಾಳೆ ಹಿಡಿದು ಒಳಗೆ ನುಗ್ಗಿ ಅವರ ಪತ್ರದ ಮೇಲೆ ಹರಡಿದೆವು. ಇಬ್ಬರೂ ನೋಡಿದರು. ಅರುಳಂಪಲಂ ಸಾರ್ ಕಿವಿಯ ತನಕ ಕೆಂಪಾದರು. ಫೂಂಗ್ ಚಾವಣಿ ನೋಡಿದರು.

“ನೀವು ನಾಲ್ಕನೇದರ ಪಕ್ಕ ಕೂತಿದ್ರಾ?” ಎಂದು ಸಾರ್ ಕೇಳಿದರು.

“ಸೊಳ್ಳೆ ಜಾಸ್ತಿ ಇತ್ತು, ಇನ್ನೇನಿಲ್ಲ,” ಎಂದರು ಫೂಂಗ್.

ಸಾರ್ ಆ ಕ್ಷಣವೇ ಪತ್ರ ಎಳೆದುಕೊಂಡು ಸಹಿ ಹಾಕಿದರು, ಕೆಂಪು ಶಾಯಿಯಲ್ಲೇ. ಫೂಂಗ್ ಕೆಳಗೆ ಹಾಕಿದರು.

ಯೋಕ್ ಮೂಯಿಗೆ ತಡೆಯಲಾಗಲಿಲ್ಲ. “ಸಾರ್, ಮುಖ್ಯ ನಕ್ಷೆಗಾರರು ಯಾರು?”

ಯಜಮಾನರು ಒಬ್ಬರ ಮುಖ ಒಬ್ಬರು ನೋಡಿದರು.

“ಒಬ್ಬಳನ್ನೇ ಕೂರಿಸಿದ್ರೆ ನಮ್ಮಿಬ್ಬರನ್ನ ಓದೋರು ಯಾರು?” ಎಂದರು ಅರುಳಂಪಲಂ ಸಾರ್. ಎದ್ದು ತಮ್ಮ ಸ್ವಂತ ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ಆ ದೊಡ್ಡ ಮೇಜಿನ ಇನ್ನೊಂದು ಬದಿಗೆ ಇಟ್ಟರು. ಅವತ್ತಿಡೀ ಅವರು ನಿಂತೇ ಕೆಲಸ ಮಾಡಿದರು.

ಮೂವತ್ತೊಂದು ವರ್ಷ ನಾನು ಕೂತದ್ದು ಆ ಕುರ್ಚಿಯಲ್ಲಿ. ವಸತಿಗೃಹ ಇವತ್ತಿಗೂ ನಿಂತಿದೆ. ನನ್ನ ಮೊಮ್ಮಗಳು ಅಲ್ಲೇ ಎರಡನೇ ಮಹಡಿಯಲ್ಲಿ ಇದ್ದಾಳೆ. ಈ ಬರಹವನ್ನು ಯೋಕ್ ಮೂಯಿ ಓದಿ, ಎರಡು ಕಡೆ ಬೈದು, ಕೆಳಗೆ ಸಹಿ ಹಾಕಿದ್ದಾಳೆ. ನಿಮ್ಮ ಪುಸ್ತಕದಲ್ಲಿ ಇದು ನಾಲ್ಕನೇ ಪುಟವಾಗಬೇಕು ಎನ್ನುತ್ತೇನೆ ನಾನು, ಬೇಡ ಎನ್ನುತ್ತಾಳೆ ಅವಳು. ಸಂಖ್ಯೆ ಹಾಕುವ ಮುಂಚೆ ದಯವಿಟ್ಟು ಇಬ್ಬರಿಗೂ ಒಂದು ಫೋನ್ ಮಾಡಿ.